ಬೆಂಗೇರಿಯ ಬಾಯಿ, ಮಂಗಳೂರಿನ ಮೈದಾನ

ಬೆಂಗೇರಿ, ಹುಬ್ಬಳ್ಳಿ
6 ಜುಲೈ 2025

ಈ ಪಾಕೀಟು ಒಡೆದವರು ಯಾರು? ಮೊದಲು ಅದನ್ನು ಹೇಳಿ. ಹೆಸರು ಫರಹತ ಅಲ್ಲದಿದ್ದರೆ ಮುಚ್ಚಿಟ್ಟು ಕೈ ತೊಳೆದುಕೊಳ್ಳಿ; ಮಂದಿಯ ಪತ್ರ ಓದುವವರಿಗೆ ಕಣ್ಣಿನಲ್ಲಿ ಕುರು ಏಳುತ್ತದೆ. ಫರಹತ ಆಗಿದ್ದರೆ ಕುಳಿತುಕೊಳ್ಳಿ. ನಿಂತು ಓದಿ ಮುಗಿಸುವಷ್ಟು ಕಡಿಮೆ ನಾನು ಬೈಯುವುದಿಲ್ಲ.

ನಾನು ಉಡಚವ್ವ. ಫುಟ್‌ಬಾಲ್ ಕೋಚ್ ಆಗುವ ಕೋರ್ಸಿಗೆಂದು ನಿಮ್ಮ ಕೇಂದ್ರಕ್ಕೆ ಬಂದಿದ್ದಾಳಲ್ಲ ಸುಜಾತಾ, ಅವಳ ಅಜ್ಜಿ. ಅವಳ ತಾಯಿ, ನನ್ನ ಸೊಸೆ, ಸರಕಾರಿ ಶಾಲೆಯ ಟೀಚರು. ನಸುಕಿನಲ್ಲಿ ನವಲಗುಂದದ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಊರ ಮಕ್ಕಳಿಗೆಲ್ಲಾ ಅಕ್ಷರ ಕಲಿಸಿದಳು, ತನ್ನ ಮಗಳನ್ನು ನನ್ನ ಸೊಂಟಕ್ಕೆ ಕೊಟ್ಟಳು. ಅವಳ ಮೂಗು ಒರೆಸಿದ್ದು, ಹೇನು ತೆಗೆದದ್ದು, ಹುಡುಗರ ಜೊತೆ ಚೆಂಡಾಡಿ ಮೊಣಕಾಲು ಕೆತ್ತಿಕೊಂಡು ಬಂದಾಗ ಅರಿಶಿಣ ಮೆತ್ತಿದ್ದು, ಎಲ್ಲಾ ಈ ಕೈ.

ನಾನು ಕಲಿತದ್ದು ಹಳ್ಳಿಯ ಸಾಲಿಯಲ್ಲಿ, ನಾಲ್ಕನೆಯ ಇಯತ್ತೆ. ಪತ್ರ ಬರೆಯುವಾಗ ಪುಸ್ತಕದ ಮಾತು ಬರೆಯಬೇಕು ಎಂದು ಮಾಸ್ತರರು ಹೇಳಿದ್ದರು, ಹಾಗೇ ಬರೆಯುತ್ತಿದ್ದೇನೆ. ಪುಸ್ತಕದ ಮಾತಿನಲ್ಲಿ ಬೈಯುವುದು ಬಹಳ ಕಷ್ಟ. ಕಡಿಮೆ ಬಿದ್ದಲ್ಲಿ ನೀವೇ ಸೇರಿಸಿಕೊಂಡು ಓದಿ. ಫೋನು ಮಾಡಬಹುದಿತ್ತು. ಫೋನಿನಲ್ಲಿ ಬೈದರೆ ನೀವು ಕಟ್ ಮಾಡುತ್ತೀರಿ.

ಹೋದ ವಾರ ನನ್ನ ಮಗನ ಮೊಬೈಲಿಗೆ ಸುಜಾತಾ ಒಂದು ಫೋಟೊ ಕಳಿಸಿದ್ದಳು. ಕಿಟಕಿಯ ಹತ್ತಿರ ಕುರ್ಚಿ, ಕುರ್ಚಿಯಲ್ಲಿ ನೀವು, ನಿಮ್ಮ ಹೆಗಲ ಮೇಲೆ ನನ್ನ ಕೌದಿ. ಆ ಕೌದಿಯಲ್ಲಿ ನನ್ನ ಹಳೆಯ ಸೀರೆಗಳಿವೆ, ಸುಜಾತಾಳ ಸಣ್ಣಂದಿನ ಲಂಗವಿದೆ. ಪದರಿನ ಮೇಲೆ ಪದರು ಇಟ್ಟು ಒಂದು ಬೇಸಿಗೆ ಪೂರ್ತಿ ಹೊಲಿದೆ. ಮುಗಿಸುವಾಗ ಅದರ ಹೊಟ್ಟೆಗೆ ಹೋಳಿಗೆಯ ಚೂರು ಇಟ್ಟು ಬಾಯಿ ಮುಚ್ಚಿದೆ, ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ಹೊದ್ದವರು ಎಂದರೆ ಸುಜಾತಾ. ನೀವಲ್ಲ.

ಅಷ್ಟೇ ಅಲ್ಲ. ಫೋನು ಎತ್ತಿದರೆ ‘ನಮ್ಮ ಮೇಡಂ ಹಿಂಗಂದ್ರು, ನಮ್ಮ ಮೇಡಂ ಹಂಗಂದ್ರು.’ ಮೊನ್ನೆ ಉಪ್ಪಿನಕಾಯಿ ಕಳಿಸಿದೆ. ‘ಥ್ಯಾಂಕ್ಸ್ ಅಜ್ಜಿ’ ಅಂದಳು.

‘ಯಾರಿಗೆ ಥ್ಯಾಂಕ್ಸ್ ಅಂತೀಯಲೇ? ನಾ ಏನ್ ಅಂಗಡಿಯಾಕಿ ಏನ?’

‘ಮೇಡಂ ಹೇಳ್ಯಾರ ಅಜ್ಜಿ, ಏನರ ಕೊಟ್ಟವರಿಗೆ ಥ್ಯಾಂಕ್ಸ್ ಅನಬೇಕಂತ.’

ಇದನ್ನು ಕಲಿಸಲು ಮಂಗಳೂರಿನವರೆಗೆ ಕರೆಸಿಕೊಂಡಿರಾ? ಇನ್ನು ಆ ಲೈಸೆನ್ಸು. ಟ್ರಕ್ಕು ಹೊಡೆಯುವವರಿಗೆ ಲೈಸೆನ್ಸು ಬೇಕು, ಒಪ್ಪಿದೆ, ಮಂದಿ ಸಾಯುತ್ತಾರೆ. ಮಕ್ಕಳಿಗೆ ಚೆಂಡು ಒದೆಯಲು ಹೇಳಿಕೊಡುವವರಿಗೆ ಯಾಕೆ? ಯಾರು ಸಾಯುತ್ತಾರೆ?

ಕೌದಿಯನ್ನು ತೊಳೆದು ಅವಳ ಹಾಸಿಗೆಯ ಮೇಲೆ ಇಡಿ. ಕೋರ್ಸು ಮುಗಿದ ಮರುದಿನ ಅವಳು ಹುಬ್ಬಳ್ಳಿಯ ಬಸ್ಸಿನಲ್ಲಿ ಇರಬೇಕು.

ಉಡಚವ್ವ


ಮಂಗಳೂರು
19 ಜುಲೈ 2025

ಉಡಚವ್ವ ಅಮ್ಮಾರಿಗೆ ಫರಹತಳ ಸಲಾಮು.

ನಿಮ್ಮ ಪತ್ರವನ್ನು ಕುಳಿತೇ ಓದಿದೆ. ಆ ಫೋಟೊ ತೆಗೆದ ದಿನ ನನಗೆ ಜ್ವರವಿತ್ತು. ಪಾಠ ಮುಗಿಸಿ ಕುರ್ಚಿಯಲ್ಲಿ ಕುಸಿದವಳಿಗೆ ಸುಜಾತಾ ಕೇಳದೆಯೇ ಕೌದಿ ಹೊದಿಸಿದಳು. ಈಗ ತೊಳೆದಿದ್ದೇನೆ. ಇಲ್ಲಿಯ ಮಳೆಯಲ್ಲಿ ಇನ್ನೂ ಒಣಗಿಲ್ಲ, ಕ್ಷಮಿಸಿ.

ಲೈಸೆನ್ಸು ಏಕೆ ಎಂದು ಕೇಳಿದ್ದೀರಿ. ಯಾವ ವಯಸ್ಸಿನ ಮಗುವನ್ನು ಎಷ್ಟು ಓಡಿಸಬೇಕು, ತಲೆಗೆ ಪೆಟ್ಟಾದರೆ ಏನು ಮಾಡಬೇಕು, ಸೋತ ಮಗುವಿಗೆ ಏನು ಹೇಳಬೇಕು, ಗೆದ್ದ ಮಗುವಿಗೆ ಏನು ಹೇಳಬೇಕು, ಇವೆಲ್ಲ ಗೊತ್ತಿವೆ ಎಂದು ತೋರಿಸಿದವರಿಗೆ ಮಾತ್ರ ಅದು ಸಿಗುತ್ತದೆ. ಅದಿಲ್ಲದವರ ಕೈಗೆ ಈಗ ಒಳ್ಳೆಯ ಶಾಲೆಗಳು, ಕ್ಲಬ್ಬುಗಳು ಮಕ್ಕಳ ತಂಡವನ್ನು ಒಪ್ಪಿಸುವುದಿಲ್ಲ. ತರಗತಿಯ ಪಾಠದಲ್ಲಿ ಸುಜಾತಾ ಎಲ್ಲರಿಗಿಂತ ಮುಂದೆ ಇದ್ದಾಳೆ. ಉಳಿದದ್ದು ಮೈದಾನದ ಪರೀಕ್ಷೆ. ಮುಂದಿನ ವಾರ ಅವಳು ಇಲ್ಲಿಯ ಹುಡುಗಿಯರಿಗೆ ಆಟ ಕಲಿಸುತ್ತಾಳೆ, ನಾವು ಪರೀಕ್ಷಕರು ಗೆರೆಯ ಆಚೆ ನಿಂತು ನೋಡುತ್ತೇವೆ.

ನನ್ನದೂ ಹುಬ್ಬಳ್ಳಿಯೇ ಅಮ್ಮಾ. ಹಳೇ ಹುಬ್ಬಳ್ಳಿಯ ಓಣಿಯವಳು. ನಿಮ್ಮ ಉಪ್ಪಿನಕಾಯಿ ನನಗೂ ಸಿಕ್ಕಿತು. ಊರು ನೆನಪಾಯಿತು.

ಫರಹತ


ಬೆಂಗೇರಿ
3 ಆಗಸ್ಟ್ 2025

ಫರಹತ ಮೇಡಂ ಅವರಿಗೆ,

ಉಪ್ಪಿನಕಾಯಿಯನ್ನೂ ಬಿಡಲಿಲ್ಲ.

ಹಳೇ ಹುಬ್ಬಳ್ಳಿಯವರು ಎಂದು ಬರೆದಿದ್ದೀರಿ. ಪರಊರಿನವರು ಕದ್ದರೆ ಗೊತ್ತಿಲ್ಲದೆ ಕದ್ದರು ಅನ್ನಬಹುದು. ನಮ್ಮ ಊರಿನವರೇ ಕದ್ದರೆ ಏನು ಅನ್ನಬೇಕು?

ಒಂದು ಮಾತು ತಿಳಿದಿರಲಿ. ಕೌದಿ ನಿಮಗೆ ಸಿಕ್ಕಿತು, ಉಪ್ಪಿನಕಾಯಿ ಸಿಕ್ಕಿತು, ಆದರೆ ಅವಳ ಬಾಯಿ ನನ್ನದು. ಅವಳು ಆಡುವ ಮಾತೆಲ್ಲಾ ನನ್ನ ಬಾಯಿಂದ ಉದುರಿದ್ದನ್ನು ಆರಿಸಿಕೊಂಡದ್ದು. ಸಣ್ಣವಳಿದ್ದಾಗ ರೈಲ್ವೆ ಮೈದಾನದಲ್ಲಿ ತನಗಿಂತ ಎತ್ತರದ ಹುಡುಗರನ್ನು ದಾಟಿ ಒಂದು ಗೋಲು ಹೊಡೆದಳು. ಮಂದಿಯೆಲ್ಲಾ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೂಗಿದೆ, ‘ನಿನ್ನ ಹೆಣಾ ಎತ್ಲಿ, ಏನ್ ಹೊಡದೀ ಲೇ!’ ಅವಳು ಚಪ್ಪಾಳೆಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ ಹಲ್ಲು ಕಿಸಿದಳು. ನೀವು ಎಷ್ಟು ಥ್ಯಾಂಕ್ಸ್ ಕಲಿಸಿದರೂ ಆ ನಗು ನಿಮ್ಮ ಪಾಲಿಗಿಲ್ಲ.

ಆದರೆ ಮೊನ್ನೆ ಫೋನಿನಲ್ಲಿ ಅವಳ ದನಿ ಸರಿಯಿರಲಿಲ್ಲ.

‘ಯಾಕ ದನಿ ಕುಗ್ಗೇತಿ?’

‘ಥಂಡಿ ಆಗೇತಿ ಅಜ್ಜಿ.’

‘ಪರೀಕ್ಷಾ ಆತೇನ?’

‘ಆತು.’

‘ಹೆಂಗಾತು?’

‘ಛಲೋ ಆತು. ನೀ ಮಲಕೋ.’

ಥಂಡಿ ಆದವರು ಮೂಗಿನಿಂದ ಮಾತಾಡುತ್ತಾರೆ. ಇವಳ ಮಾತು ಗಂಟಲಿನಲ್ಲೇ ಸಿಕ್ಕಿಕೊಂಡಿತ್ತು. ನೀವು ಏನೋ ಮಾಡಿದ್ದೀರಿ. ಏನು ಮಾಡಿದಿರಿ, ಬರೆಯಿರಿ.

ಉಡಚವ್ವ


ಮಂಗಳೂರು
21 ಆಗಸ್ಟ್ 2025

ಉಡಚವ್ವ ಅಮ್ಮಾರಿಗೆ,

ಉತ್ತರ ತಡವಾಯಿತು. ನಿಮಗೆ ಹೇಳಬಾರದೆಂದು ಸುಜಾತಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ಮೈದಾನದ ಪರೀಕ್ಷೆ ಚೆನ್ನಾಗಿಯೇ ನಡೆದಿತ್ತು. ಒಂದು ಹುಡುಗಿ, ಹತ್ತು ವರ್ಷದ್ದು, ಅಲ್ಲಿಯವರೆಗೆ ಚೆಂಡು ಬಂದರೆ ಹೆದರಿ ಹಿಂದೆ ಸರಿಯುತ್ತಿದ್ದ ಮಗು. ಸುಜಾತಾ ಅವಳನ್ನು ಬಿಡದೆ ಹುರಿದುಂಬಿಸಿದಳು. ಕೊನೆಗೆ ಆ ಮಗು ದೂರದಿಂದ ಒದ್ದು ಗೋಲು ಮಾಡಿತು. ಸುಜಾತಾ ಸಂತೋಷಕ್ಕೆ ಕುಣಿದು, ಇಡೀ ಮೈದಾನಕ್ಕೆ ಕೇಳುವಂತೆ ಆ ಮಗುವಿಗೆ ನಿಮ್ಮ ಮಾತನ್ನೇ ಕೂಗಿದಳು. ಹೆಣ ಎತ್ತುವ ಮಾತು.

ಇಲ್ಲಿಯ ಮಕ್ಕಳು ಪುಸ್ತಕದ ಕನ್ನಡ ಕಲಿತವರು. ಹೆಣ ಎಂದರೆ ಅವರಿಗೆ ಹೆಣವೇ. ಮಗು ಅಲ್ಲೇ ಕುಳಿತು ಅತ್ತುಬಿಟ್ಟಿತು. ಗೆರೆಯ ಆಚೆ ಇದ್ದ ಅದರ ತಾಯಿ ಓಡಿಬಂದರು. ಸಂಜೆಯೊಳಗೆ ದೂರು ಬಂತು. ಮಕ್ಕಳಿಗೆ ಕೇಡು ಬಯಸುವ ಮಾತು ಆಡಿದವರಿಗೆ ಲೈಸೆನ್ಸು ಕೊಡುವಂತಿಲ್ಲ, ಇದು ನಿಯಮ. ನಾನು ಅರ್ಥ ಬಿಡಿಸಿ ಹೇಳಿದೆ. ‘ನಿಮ್ಮ ಊರಿನವಳು, ಅದಕ್ಕೆ ಪರ ವಹಿಸುತ್ತೀರಿ’ ಎಂದರು. ಸೆಪ್ಟೆಂಬರ್ ಕೊನೆಗೆ ಸಮಿತಿ ಕೂಡುತ್ತದೆ. ಅಲ್ಲಿಯವರೆಗೆ ಅವಳ ಲೈಸೆನ್ಸನ್ನು ತಡೆಹಿಡಿದಿದ್ದಾರೆ.

ಆ ಮಾತು ನಿಮ್ಮಲ್ಲಿ ಹೇಗೆ ಬಳಕೆಯಲ್ಲಿದೆ ಎಂದು ಮನೆಯ ಹಿರಿಯರು ಬರೆದುಕೊಟ್ಟರೆ ಸಮಿತಿ ಓದುತ್ತದೆ. ನೀವು ಬರೆಯಬೇಕು. ಎಲ್ಲಿಂದ ಕಲಿತೆ ಎಂದು ಕೇಳಿದರೆ ಸುಜಾತಾ ಬಾಯಿ ಬಿಡಲಿಲ್ಲ. ನಿಮ್ಮ ಹೆಸರು ಹೇಳಲು ಒಪ್ಪಲಿಲ್ಲ. ನನಗೆ ತಿಳಿದದ್ದು ನಿಮ್ಮ ಪತ್ರದಿಂದ.

ಫರಹತ


ಬೆಂಗೇರಿ
30 ಆಗಸ್ಟ್ 2025

ಫರಹತ ಮೇಡಂ ಅವರಿಗೆ,

ನನ್ನ ಹೆಸರು ಹೇಳಲು ಒಪ್ಪಲಿಲ್ಲ ಎಂದು ಓದಿದೆ. ಮಗನಿಂದ ಎರಡು ಸಲ ಓದಿಸಿಯೂ ಕೇಳಿದೆ.

ನನ್ನ ಹೆಸರು ಹೇಳಲು ನಾಚಿಕೆಯಾಯಿತು ಅವಳಿಗೆ. ನಿಮ್ಮ ಹತ್ತಿರ ಇದ್ದು ಕಲಿತದ್ದು ಇದೇ. ನಾನು ಯಾವ ಸಮಿತಿಗೂ ಏನೂ ಬರೆಯುವುದಿಲ್ಲ. ಲೈಸೆನ್ಸು ಕೊಡಬೇಡಿ. ಬಹಳ ಒಳ್ಳೆಯದಾಯಿತು. ಬಸ್ಸಿಗೆ ಹತ್ತಿಸಿ ಕಳಿಸಿ. ಇಲ್ಲಿ ಅವಳಿಗೆ ಹೊದಿಯಲು ಬೇರೆ ಕೌದಿ ಹಾಕಿದ್ದೇನೆ, ಆಗಲೇ ಅರ್ಧ ಆಗಿದೆ. ನೀವು ಹೊದ್ದದ್ದನ್ನು ನೀವೇ ಇಟ್ಟುಕೊಳ್ಳಿ.

ಉಡಚವ್ವ


ಮಂಗಳೂರು
8 ಸೆಪ್ಟೆಂಬರ್ 2025

ಉಡಚವ್ವ ಅಮ್ಮಾರಿಗೆ,

ನೀವು ಓದಿದ್ದು ತಪ್ಪು. ಅಥವಾ ನಾನು ಬರೆದದ್ದು ತಪ್ಪು. ಇದು ನಿಮ್ಮ ಅಜ್ಜಿಯ ಮಾತೆಂದು ನನಗೆ ಗೊತ್ತು, ಸಮಿತಿಗೆ ಹೇಳು ಎಂದು ನಾನು ಒತ್ತಾಯಿಸಿದಾಗ ಸುಜಾತಾ ಆಡಿದ ಮಾತನ್ನು ಇದ್ದಂತೆ ಬರೆಯುತ್ತೇನೆ: ‘ಲೈಸೆನ್ಸ್ ಹೋದ್ರ ಹೋಗ್ಲಿ ಮೇಡಂ. ನಮ್ಮ ಅಜ್ಜಿ ಬಾಯಿ ಮ್ಯಾಲ ಇವರು ಕುಂತು ನ್ಯಾಯ ಮಾಡೂದು ಬ್ಯಾಡ.’ ಇದು ನಾಚಿಕೆಯೇ? ನಿಮ್ಮನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಅವಳು ಮುಳುಗುತ್ತಿದ್ದಾಳೆ.

ಇನ್ನೊಂದನ್ನೂ ಹೇಳುತ್ತೇನೆ. ಆ ಮಾತನ್ನು ಪರೀಕ್ಷೆಯ ಹಾಳೆಯಲ್ಲಿ ಬರೆದವಳು ನಾನೇ. ಕೇಳಿಸಿದ್ದನ್ನು ಬರೆಯುವುದು ಪರೀಕ್ಷಕರ ಕೆಲಸ. ಬರೆಯುವಾಗ ಅದರ ಅರ್ಥ ಗೊತ್ತಿದ್ದವಳು ಆ ಮೈದಾನದಲ್ಲಿ ನಾನೊಬ್ಬಳೇ.

ನೀವು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೀರಿ. ನನ್ನದನ್ನೂ ಕೇಳಿ. ನನ್ನ ತಾಯಿ ಮಾಶಾಬಿ ಇನ್ನೂ ಹಳೇ ಹುಬ್ಬಳ್ಳಿಯಲ್ಲಿ ಇದ್ದಾರೆ. ನಾನು ಚಡ್ಡಿ ತೊಟ್ಟು ಮೈದಾನಕ್ಕೆ ಇಳಿಯುವವರೆಗೆ ಮನೆ ಹಾರಿಹೋಗುವಂತೆ ಬೈಯುತ್ತಿದ್ದರು. ಇಳಿದ ದಿನದಿಂದ ಬೈಯುವುದನ್ನು ನಿಲ್ಲಿಸಿದರು. ‘ತೂ’ ಎನ್ನುತ್ತಿದ್ದವರು ‘ಆಪ್’ ಎನ್ನತೊಡಗಿದರು, ನೆಂಟರನ್ನು ಕರೆದಂತೆ. ಈಗಲೂ ಹಬ್ಬಕ್ಕೆ ಹೋದರೆ ತಟ್ಟೆಯಿಟ್ಟು ದೂರ ನಿಲ್ಲುತ್ತಾರೆ. ಪ್ರತಿ ಭಾನುವಾರ ಸುಜಾತಾ ಫೋನಿನಲ್ಲಿ ನಿಮ್ಮಿಂದ ಬೈಸಿಕೊಂಡು ಹೊಟ್ಟೆ ಹಿಡಿದುಕೊಂಡು ನಗುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಕೇಳಲು ಆಗುವುದಿಲ್ಲ.

ಬರೆದುಕೊಡಿ ಅಮ್ಮಾ.

ಫರಹತ


ಮಂಗಳೂರು
18 ಸೆಪ್ಟೆಂಬರ್ 2025

ಉಡಚವ್ವ ಅಮ್ಮಾರಿಗೆ,

ಉತ್ತರ ಬರಲಿಲ್ಲ. ಸಮಿತಿ ಇದೇ ತಿಂಗಳ ಕೊನೆಯ ವಾರ. ಸುಜಾತಾ ಬ್ಯಾಗು ತುಂಬಿಟ್ಟಿದ್ದಾಳೆ.

ಫರಹತ


ಬೆಂಗೇರಿ
20 ಸೆಪ್ಟೆಂಬರ್ 2025

ಫರಹತ ಮೇಡಂ,

ಸ್ಪೀಡ್ ಪೋಸ್ಟ್ ಮಾಡಿಸುತ್ತಿದ್ದೇನೆ. ಬೇಗ ತೆರೆಯಿರಿ.

ನಿಮ್ಮ ಪತ್ರ ಸಿಕ್ಕಿತ್ತು. ಸುಮ್ಮನಿದ್ದೆ. ಸುಮ್ಮನಿದ್ದರೆ ಅವಳು ಮನೆಗೆ ಬರುತ್ತಾಳೆ ಎಂದೇ ಸುಮ್ಮನಿದ್ದೆ. ಕೌದಿಯನ್ನೂ ಮುಗಿಸಿದೆ. ನಿನ್ನೆ ಅವಳ ಫೋನು ಬಂತು.

‘ಅಜ್ಜಿ, ನಾ ಹುಬ್ಬಳ್ಳಿಗೆ ಬರಾಕತ್ತೇನಿ. ಇನ್ನ ಚೆಂಡು ಮುಟ್ಟೂದಿಲ್ಲ.’

ಬರುತ್ತಾಳೆ ಎಂದು ಕೇಳಿ ನನ್ನ ಎದೆ ಕುಣಿಯಿತು. ಬಾಯಿ ತಾನೇ ತೆರೆಯಿತು. ‘ನಿನ್ನ ಹೆಣಾ ಎತ್ಲಿ, ಬಾರಲೇ ಲಗೂ!’ ಅಂದೆ.

ಅವಳು ನಗಲಿಲ್ಲ. ‘ಹಂಗ ಅನಬ್ಯಾಡ ಅಜ್ಜಿ’ ಅಂದಳು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದವಳಲ್ಲ. ನನ್ನ ಮಾತಿಗೆ ಬೆಚ್ಚಿಬೀಳುವ ಹುಡುಗಿಯನ್ನು ಮನೆಗೆ ತಂದುಕೊಂಡು ನಾನು ಏನು ಮಾಡಲಿ? ಅವಳ ಮುಂದೆ ಯಾವ ಬಾಯಿಂದ ಮಾತಾಡಲಿ? ಕೆಳಗಿನದನ್ನು ಕತ್ತರಿಸಿ ಸಮಿತಿಗೆ ಕೊಡಿ.

ಸಮಿತಿಯ ಹಿರಿಯರಿಗೆ ಬೆಂಗೇರಿಯ ಉಡಚವ್ವ ಬರೆದುಕೊಡುವುದು. ಆ ಮಾತು ಸುಜಾತಾಳದ್ದಲ್ಲ, ನನ್ನದು. ನಮ್ಮ ಮನೆಯಲ್ಲಿ ಮಕ್ಕಳನ್ನು ಬಾಯಿತುಂಬ ಹೊಗಳುವುದಿಲ್ಲ, ದೃಷ್ಟಿ ತಾಗುತ್ತದೆ. ಕೂಸು ಚೆಂದ ಇದ್ದರೆ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತಾರಲ್ಲ, ನಾವು ಮಾತಿಗೂ ಇಡುತ್ತೇವೆ. ಒಳ್ಳೆಯದು ಕಂಡ ಕೂಡಲೇ ಕೆಟ್ಟದ್ದನ್ನು ನಾವೇ ಬಾಯಲ್ಲಿ ಆಡಿ ಮುಗಿಸುತ್ತೇವೆ, ಅದು ಮತ್ತೆ ಮನೆಯ ಬಾಗಿಲಿಗೆ ಬರಬಾರದೆಂದು. ಸಿಟ್ಟು ಬಂದಾಗ ಹಾಗೆ ಅನ್ನುವುದಿಲ್ಲ. ಸಿಟ್ಟು ಬಂದರೆ ‘ಬರ್ರಿ, ಕುಂದರ್ರಿ’ ಎಂದು ಮರ್ಯಾದೆ ಕೊಡುತ್ತೇವೆ.

ಆದರೆ ಆ ಮಗು ಅತ್ತದ್ದು ಸುಳ್ಳಲ್ಲ. ಅದರ ತಾಯಿ ಓಡಿಬಂದದ್ದೂ ತಪ್ಪಲ್ಲ, ನಾನಾಗಿದ್ದರೆ ಹೊಡೆಯುತ್ತಿದ್ದೆ. ನಮ್ಮ ಮಾತು ತಿಳಿಯದ ಮಕ್ಕಳ ಮುಂದೆ ಹಾಗೆ ಅನ್ನಬಾರದು ಎಂದು ನಾನು ಸುಜಾತಾಳಿಗೆ ಕಲಿಸಲಿಲ್ಲ. ನನಗೇ ಗೊತ್ತಿರಲಿಲ್ಲ. ನಾನು ಧಾರವಾಡ ದಾಟಿ ಹೋದವಳಲ್ಲ. ಅವಳಿಗೆ ಇನ್ನೊಂದು ಸಲ ಮೈದಾನ ಕೊಡಿ. ಅವಳು ಒಳ್ಳೆಯ ಹುಡುಗಿ. ಮಕ್ಕಳೆಂದರೆ ಅವಳಿಗೆ ಜೀವ. ಅವಳ ಆಟದಂಥ ಆಟ ನಾನು ಎಲ್ಲೂ ನೋಡಿಲ್ಲ. ಹೆಬ್ಬೆಟ್ಟು ಅಲ್ಲ, ಸಹಿ ಮಾಡಿದ್ದೇನೆ. ಉಡಚವ್ವ.

ಇಲ್ಲಿಗೆ ಕತ್ತರಿಸಿ. ಕೊನೆಯ ಆ ಹೊಗಳಿಕೆ ಬರೆದ ಮೇಲೆ ಲಟಿಕೆ ಮುರಿದೆ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟು ಬರಲಿಲ್ಲ, ಬಹಳ ದೃಷ್ಟಿ ಇತ್ತು. ಅವಳಿಗೆ ಇದನ್ನು ಓದಿ ಹೇಳಬೇಡಿ.

ಉಡಚವ್ವ


ಮಂಗಳೂರು
30 ಅಕ್ಟೋಬರ್ 2025

ಅಮ್ಮಾ,

ಫೋನಿನಲ್ಲಿ ಸುಜಾತಾ ಹೇಳಿರುತ್ತಾಳೆ, ಆದರೂ ಬರೆಯುತ್ತೇನೆ. ಸಮಿತಿಯಲ್ಲಿ ನಿಮ್ಮ ಬರಹವನ್ನು ನಾನೇ ಓದಿದೆ. ‘ನಾನಾಗಿದ್ದರೆ ಹೊಡೆಯುತ್ತಿದ್ದೆ’ ಎಂಬಲ್ಲಿ ಒಬ್ಬರು ನಕ್ಕರು, ಉಳಿದವರು ನಗಲಿಲ್ಲ. ಮತ್ತೊಂದು ಪರೀಕ್ಷೆಗೆ ಒಪ್ಪಿದರು. ನಾನು ಪರೀಕ್ಷಕಿಯಾಗಿ ನಿಲ್ಲಲಿಲ್ಲ, ಬೇರೆಯವರು ನಿಂತರು.

ಸುಜಾತಾ ಅದಕ್ಕಿಂತ ಮೊದಲು ಆ ಮಗುವಿನ ಮನೆಗೆ ಹೋಗಿ ತಪ್ಪಾಯಿತು ಎಂದು ಬಂದಳು. ಆ ತಾಯಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಈಗಲೂ ಸುಜಾತಾ ಮೈದಾನದಲ್ಲಿ ಇರುವ ದಿನ ಮಗುವನ್ನು ಕಳಿಸುವುದಿಲ್ಲ. ಅದು ಹಾಗೆಯೇ ಉಳಿಯಿತು.

ಎರಡನೆಯ ಪರೀಕ್ಷೆಯಲ್ಲಿ ಅವಳು ಮಕ್ಕಳಿಗೆ ಇಲ್ಲಿಯವರಂತೆ ‘ಭಾರೀ ಲಾಯ್ಕ ಆಡಿದೆ ಮಗಾ’ ಎಂದಳು, ಬಹಳ ಚೆನ್ನಾಗಿ ಆಡಿದೆ ಎಂದು. ನಾನೇ ಅಭ್ಯಾಸ ಮಾಡಿಸಿದ್ದೆ. ತೇರ್ಗಡೆಯಾದಳು. ಲೈಸೆನ್ಸು ಬಂದಿದೆ.

ಅವಳು ನಿಮಗೆ ಹೇಳದಿರುವುದು ಒಂದಿದೆ. ಸಣ್ಣ ಹುಡುಗಿಯರ ತಂಡಕ್ಕೆ ಕೋಚಾಗಿ ಒಂದು ವರ್ಷ ಇಲ್ಲಿಯೇ ಇರು ಎಂದು ಕೇಂದ್ರದವರು ಕೇಳಿದ್ದಾರೆ. ಅವಳಿಗೆ ಆಸೆಯಿದೆ. ನಿಮ್ಮನ್ನು ಕೇಳಲು ಧೈರ್ಯವಿಲ್ಲ. ಉತ್ತರ ಕೊಡದೆ ದಿನ ತಳ್ಳುತ್ತಿದ್ದಾಳೆ. ಇರು ಎಂದು ನಾನು ಹೇಳಲಿಲ್ಲ. ಹೇಳಿದರೆ ನೀವು ಏನು ಬರೆಯುತ್ತೀರಿ ಎಂದು ನನಗೆ ಗೊತ್ತು.

ಫರಹತ


ಬೆಂಗೇರಿ
8 ನವೆಂಬರ್ 2025

ಫರಹತಾ,

ಲಾಯ್ಕ ಅಂದಳಾ? ಮಗಾ ಅಂದಳಾ? ನಮ್ಮ ಕಡೆ ಲಾಯಕ್ಕು ಎಂದರೆ ಕೋರ್ಟಿನಲ್ಲಿ ಆಡುವ ಮಾತು. ಅದನ್ನು ಹೇಳಿಸಲು ನೀನು ಅಭ್ಯಾಸ ಬೇರೆ ಮಾಡಿಸಿದೆ. ಮಾಡಿಸು. ಲೈಸೆನ್ಸು ಬಂತಲ್ಲ, ಬಾಯಿಗೆ ಮಣ್ಣು ಹಾಕಿಕೊಂಡು ಸುಮ್ಮನಿರುತ್ತೇನೆ.

ದೀಪಾವಳಿಗೂ ಬರಲಿಲ್ಲ. ಮಕ್ಕಳ ಪಂದ್ಯ ಇತ್ತಂತೆ. ಹಬ್ಬದ ದಿನ ನಿನ್ನ ಮನೆಯಲ್ಲಿ ಉಂಡಳಂತೆ. ಅವಳಿಗಾಗಿ ನೀನು ಹೋಳಿಗೆ ಮಾಡಲು ಹೋದೆಯಂತೆ, ಹೂರಣ ಎಲ್ಲಾ ಹಂಚಿಗೆ ಹತ್ತಿತಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಿತು.

ಒಂದು ವರ್ಷ ಇರಲಿ. ಇದನ್ನು ಓದಿ ನನ್ನ ಹೊಟ್ಟೆ ತಣ್ಣಗಾಯಿತು ಎಂದು ತಿಳಿಯಬೇಡ. ಉರಿಯುತ್ತಿದೆ. ಉರಿಯುತ್ತಲೇ ಬರೆಯುತ್ತಿದ್ದೇನೆ. ನಾನು ಒಪ್ಪಿದೆ ಎಂದು ಅವಳಿಗೆ ಹೇಳು, ಆದರೆ ಬಹಳ ಕಷ್ಟಪಟ್ಟು ಒಪ್ಪಿಸಿದೆ ಎಂದು ಹೇಳು.

ಈಗ ನನ್ನ ಚಿಂತೆ ಬೇರೆ. ಕಂಡಕಂಡವರೆಲ್ಲಾ ಲಾಯ್ಕ ಲಾಯ್ಕ ಎನ್ನುವ ಊರಿನಲ್ಲಿ ಹುಡುಗಿ ಒಂದು ವರ್ಷ ಇದ್ದರೆ ದೃಷ್ಟಿ ತಾಗದೆ ಇರುತ್ತದೆಯೇ? ಅಲ್ಲಿ ಅವಳಿಗೆ ಬೈಯುವವರು ಯಾರು? ನಾನು ಫೋನಿನಲ್ಲಿ ಬೈದದ್ದು ದಾರಿಯಲ್ಲೇ ಅರ್ಧ ಸೋರಿಹೋಗುತ್ತದೆ. ಅದಕ್ಕೆ ಆ ಕೆಲಸವನ್ನು ನಿನಗೆ ಕೊಡುತ್ತೇನೆ. ಖುಷಿಯಿಂದ ಕೊಡುತ್ತಿಲ್ಲ. ಅವಳ ತಾಯಿ ಕೇಳಿದಾಗಲೂ ಕೊಟ್ಟಿರಲಿಲ್ಲ.

ಹೇಗೆ ಎಂದು ಹೇಳುತ್ತೇನೆ, ಸರಿಯಾಗಿ ಕೇಳು. ಮೈದಾನದಲ್ಲಿ ಬೇಡ. ಮಂದಿಯ ಮಕ್ಕಳ ಮುಂದೆ ಬೇಡವೇ ಬೇಡ. ಮನೆಯಲ್ಲಿ, ಊಟಕ್ಕೆ ಕುಳಿತಾಗ. ನಿನಗೆ ಸಿಟ್ಟು ಬಂದ ದಿನ ಬಾಯಿ ಮುಚ್ಚಿಕೊಂಡಿರು. ಅವಳು ಏನಾದರೂ ಒಳ್ಳೆಯದು ಮಾಡಿ ಬಂದ ದಿನ ಬಿಡಬೇಡ. ತಕ್ಷಣ ಬೈಯಬೇಕು, ತಡಮಾಡಿದರೆ ಹೊಗಳಿದಂತೆ ಆಗುತ್ತದೆ. ಮೆತ್ತಗೆ ಬೈದರೆ ಅವಳಿಗೆ ಅನುಮಾನ ಬರುತ್ತದೆ, ದನಿ ಎತ್ತು. ನಿನಗೆ ರೂಢಿ ತಪ್ಪಿದೆ, ಮೊದಮೊದಲು ನಾಲಿಗೆ ಹೊರಳುವುದಿಲ್ಲ. ಒಬ್ಬಳೇ ಇದ್ದಾಗ ಗೋಡೆಗೆ ಬೈದು ನೋಡಿಕೋ. ಅವಳನ್ನು ‘ನೀವು’ ಅಂದೆಯೋ, ಅಲ್ಲಿಗೆ ಬಂದು ನಿನ್ನ ಹಲ್ಲು ಉದುರಿಸುತ್ತೇನೆ.

ಮೊದಲ ಸಲ ಬೈದಾಗ ಏನೆಂದೆ, ಯಾವುದಕ್ಕೆ ಅಂದೆ, ಇದ್ದದ್ದು ಇದ್ದಂತೆ ಬರೆದು ಕಳಿಸು. ಓದಿ ನೋಡುತ್ತೇನೆ. ಸರಿಯಿದ್ದರೆ ಮುಂದುವರಿಸು, ಇಲ್ಲದಿದ್ದರೆ ಕೆಲಸವನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ನೀನು ಬೈದಾಗ ಅವಳು ನಕ್ಕಳೋ ಇಲ್ಲವೋ, ಅದೊಂದನ್ನು ಮಾತ್ರ ಬರೆಯಬೇಡ.

ಡಿಸೆಂಬರ್ ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಉಡಚವ್ವ